ದ್ವಿಚಕ್ರಯಾತ್ರೆಯ ಗಂಟುಮೂಟೆ

ಸಂಸ್ಕೃತದಲ್ಲಿ ‘ಪಾಥೇಯ’ವೆಂಬುದೊಂದು ಶಬ್ದವುಂಟು. ದಾರಿಯ ಬುತ್ತಿಯೆಂದು ಅದಕ್ಕೆ ಕನ್ನಡದಲ್ಲಿ ಅರ್ಥ ಹೇಳುವುದು ವಾಡಿಕೆ. ಆದರೆ ‘ಪಥಿನ್’ ಎಂಬ ಶಬ್ದಕ್ಕೆ ಪ್ರತ್ಯಯವನ್ನು ಸೇರಿಸಿ ಪಾಣಿನಿಯು ಈ ರೂಪವನ್ನು ಸಾಧಿಸುವಾಗ ಅನ್ನವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿದವನಲ್ಲ. ದಾರಿಯಲ್ಲಿ ಯಾವುದು ಸಾಧುವೋ, ಎಂದರೆ ಯಾವುದು ಯೋಗ್ಯವಾಗಿ ಒದಗಿಬರತಕ್ಕದ್ದೋ, ಅದು ಪಾಥೇಯ. ಅತಿಥಿಗಳ ವಿಷಯದಲ್ಲಿ ಸಾಧುವಾದವನು ಆತಿಥೇಯನೆನಿಸುವುದೂ ಅದೇ ಸೂತ್ರದಿಂದಲೇ. ಮನೆಯಲ್ಲಿ ಸಾಧುವಾದ ವಸ್ತುಗಳೆಲ್ಲ ದಾರಿಯಲ್ಲಿ ಸಾಧುವಾಗಲಾರವು. ಹೋಗಿ ಸೇರುವ ಊರಿನಲ್ಲಿ ಬೇಕಾದೀತೆಂದು ಎತ್ತಿಟ್ಟುಕೊಂಡದ್ದೂ ದಾರಿಯಲ್ಲಿ ಶತ್ರುವಾಗಬಹುದು. ಈ ವಿವೇಕವು ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಹೋಗತಕ್ಕವರಿಗೆ ಅಷ್ಟಾಗಿ ಬೇಡ. ಅವರ ಭಾರವನ್ನು ಬೇರೆ ಚಕ್ರಗಳು ಹೊರುತ್ತವೆ. ಎರಡೇ ಚಕ್ರದ ಮೇಲೆ ತೂಗಾಡುತ್ತ ಹೋಗತಕ್ಕವರಿಗಾದರೋ ಇದಿಲ್ಲದೆ ಗತಿಯಿಲ್ಲ.

ಮೋಟಾರು ಸೈಕಲಿನ ಮೇಲೆ ದೂರದೂರುಗಳನ್ನು ನೋಡಿಬರಲು ಹೊರಡುವವರು ಗಂಟುಮೂಟೆಯನ್ನು ಹೇಗೆ ಆರಿಸಬೇಕು, ಹೇಗೆ ಕಟ್ಟಬೇಕು ಎಂಬುದೇ ಈ ತಿಂಗಳ ನಮ್ಮ ಪ್ರಸ್ತಾಪ. ಗೃಹಸ್ಥರು ಓದತಕ್ಕ ಪುಟದಲ್ಲಿ ಈ ವಿಷಯವೇಕೆ ಬಂತೆಂದು ಕೆಲವರು ಹುಬ್ಬೇರಿಸಿಯಾರು. ಈಗಿನ ದಿನಗಳಲ್ಲಿ ಹಾಗೆ ಹೊರಡುವವರು ಒಂಟಿ ಸಾಹಸಿಗಳು ಮಾತ್ರವಲ್ಲ. ನಾಲ್ಕು ದಿನದ ರಜೆ ಕೂಡಿಬಂದಿತೆಂದರೆ ಮಗನೂ ಸೊಸೆಯೂ, ಮಗಳೂ ಅಳಿಯನೂ ಬೆಳಗಿನ ಕಾಫಿ ಮುಗಿಸಿ ಬೈಕು ಹತ್ತುತ್ತಾರೆ. ಬಾಗಿಲಲ್ಲಿ ನಿಂತು ಅವರಿಗೆ ಕೈಬೀಸುವವರು ನಮ್ಮ ವಾಚಕರೇ. ಕಟ್ಟಿದ ಪಟ್ಟಿಯೊಂದು ದಾರಿಯಲ್ಲಿ ಸಡಿಲವಾದರೆ ಅದರ ಫಲವನ್ನು ಉಣ್ಣುವುದು ಇಡೀ ಮನೆ. ಆದುದರಿಂದ ಇದು ಗೃಹವಿಚಾರವೇ ಸರಿ.

ಮೈಸೂರಿನವರಿಗೆ ಈ ವಾಹನವೇನೂ ಪರಕೀಯವಲ್ಲ. ೧೯೬೧ರಲ್ಲಿ ಯಾದವಗಿರಿಯಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೊದಲು ಜಾವಾ, ಆಮೇಲೆ ಯೆಜ್ದಿ ಎಂಬ ಹೆಸರಿನ ಮೋಟಾರು ಸೈಕಲುಗಳು ಹೊರಬಂದು ದೇಶದಲ್ಲೆಲ್ಲ ಹರಡಿದುವು. ೧೯೯೬ರಲ್ಲಿ ಆ ತಯಾರಿಕೆ ನಿಂತಿತು. ನಾವು ಉಪಾಧ್ಯಾಯವೃತ್ತಿಯಲ್ಲಿದ್ದಾಗ ಅಂಥದೊಂದು ಯೆಜ್ದಿಯ ಮೇಲೆ ಹಲವು ವರ್ಷ ತಿರುಗಿದ್ದುಂಟು. ಇಲ್ಲಿ ಬರೆಯುತ್ತಿರುವುದರಲ್ಲಿ ಒಂದು ಪಾಲು ಆ ವಾಹನ ಕಲಿಸಿದ್ದು. ಉಳಿದದ್ದು ಈಗಿನ ತರುಣರಿಂದಲೂ ಮೆಕ್ಯಾನಿಕ್ಕುಗಳಿಂದಲೂ ಕೇಳಿ, ಕಣ್ಣಾರೆ ನೋಡಿ ತಿಳಿದದ್ದು.

ಮಾತು ಗಾಳಿಗೆ ಹೋಗದಿರಲೆಂದು ಒಂದು ದಾರಿಯನ್ನು ಹಿಡಿದುಕೊಳ್ಳೋಣ. ಮೈಸೂರಿನಿಂದ ಹೊರಟು ಹಾಸನ, ಬೇಲೂರು, ಚಿಕ್ಕಮಗಳೂರುಗಳ ಮೇಲೆ ಶೃಂಗೇರಿ. ಅಲ್ಲಿಂದ ಆಗುಂಬೆಯ ಘಟ್ಟವಿಳಿದು ಉಡುಪಿ. ಕರಾವಳಿಯಲ್ಲಿ ಉತ್ತರಾಭಿಮುಖವಾಗಿ ಹೊನ್ನಾವರ. ಗೇರುಸೊಪ್ಪೆಯ ಮೇಲೆ ಮತ್ತೆ ಘಟ್ಟವೇರಿ ಜೋಗ. ಸಾಗರ, ಶಿವಮೊಗ್ಗಗಳ ಮಾರ್ಗವಾಗಿ ಹಿಂದಕ್ಕೆ. ಐದಾರು ದಿನದ ಯಾತ್ರೆ. ಬಯಲಿನ ಬಿಸಿಲು, ಮಲೆನಾಡಿನ ಮಳೆ, ಕರಾವಳಿಯ ಬೆವರು ಮೂರೂ ಇದರಲ್ಲಿ ಸಿಕ್ಕುವುವು. ಕೆಳಕ್ಕಿಳಿಯುವ ಆಗುಂಬೆಯ ಕಡಿದಾದ ತಿರುವುಗಳಂತೂ ಕಟ್ಟಿದ ಗಂಟನ್ನು ಪರೀಕ್ಷೆ ಮಾಡದೆ ಬಿಡುವುದಿಲ್ಲ.

ಚಕ್ರದ ಗಾಡಿಗಳು ಓಡಾಡುವಂಥ ರಸ್ತೆ ಆಗುವುದಕ್ಕೆ ಮುಂಚೆ ಈ ಘಟ್ಟಗಳಲ್ಲಿ ಸಾಮಾನು ಸಾಗುತ್ತಿದ್ದುದು ಹೇರೆತ್ತುಗಳ ಬೆನ್ನ ಮೇಲೆ. ಕೆಳಗಿನಿಂದ ಉಪ್ಪು, ಮೇಲಿನಿಂದ ಅಕ್ಕಿ, ಅಡಕೆ, ಮೆಣಸು. ನಡುವೆ ಬಾಯಿಯುಳ್ಳ ಜೋಡುಚೀಲವನ್ನು ಎತ್ತಿನ ಬೆನ್ನ ಮೇಲೆ ಅಡ್ಡಲಾಗಿ ಹಾಕಿ ಎರಡು ಪಕ್ಕಕ್ಕೂ ಸಮವಾಗಿ ಇಳಿಬಿಡುತ್ತಿದ್ದರು. ಹೆಗಲ ಮೇಲೆ ಹಾಕಿಕೊಳ್ಳುವ ಅದರ ಚಿಕ್ಕ ರೂಪವೇ ನಮ್ಮ ಹಿರಿಯರ ಹಸುಬೆ. ಈಗ ಅಂಗಡಿಯಲ್ಲಿ ‘ಸ್ಯಾಡಲ್ ಬ್ಯಾಗು’ ಎಂಬ ಹೆಸರಿನಿಂದ ಸಾವಿರಾರು ರೂಪಾಯಿಗೆ ಮಾರುವ ವಸ್ತುವು ಈ ಹಸುಬೆಯಲ್ಲದೆ ಬೇರೆಯಲ್ಲ. ಎತ್ತಿಗೂ ಬೈಕಿಗೂ ಒಂದೇ ಧರ್ಮ: ಎರಡು ಪಕ್ಕದ ಭಾರವೂ ಸಮನಾಗಿರಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯ ಅನುಭವವನ್ನು ಒದ್ದೆ ರಸ್ತೆಯ ತಿರುವಿನಲ್ಲಿ ಮಾಡಿಕೊಳ್ಳುವುದು ಬೇಡ.

ಮೊದಲು ತೂಕದ ಲೆಕ್ಕ. ಪ್ರತಿಯೊಂದು ವಾಹನದ ಜೊತೆಗೂ ತಯಾರಕರು ಒಂದು ಕೈಪಿಡಿಯನ್ನು ಕೊಡುತ್ತಾರೆ. ಕೊಂಡ ದಿನ ಅದನ್ನು ಪ್ಲಾಸ್ಟಿಕ್ಕಿನೊಡನೆ ಬೀರುವಿನಲ್ಲಿಟ್ಟರೆ ಮತ್ತೆ ತೆಗೆಯುವವರು ವಿರಳ. ಈ ವಾಹನವು ಎಷ್ಟು ಭಾರವನ್ನು ಹೊರಬಹುದೆಂಬ ಮಿತಿಯು ಅದರಲ್ಲಿ ಅಚ್ಚಾಗಿರುತ್ತದೆ. ಆ ಭಾರವೆಂದರೆ ಸಾಮಾನಿನದು ಮಾತ್ರವಲ್ಲ. ಕೂತ ಇಬ್ಬರು ಮನುಷ್ಯರು, ಅವರ ಹೆಲ್ಮೆಟ್ಟು, ಜಾಕೆಟ್ಟು, ಬೂಟು, ಆಮೇಲೆ ಗಂಟು, ಎಲ್ಲವೂ ಸೇರಿ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿದವರು ನೂರಕ್ಕೆ ಒಬ್ಬರಿದ್ದಾರೆಯೇ ಎಂಬುದೇ ನಮಗೆ ಸಂದೇಹ.

ನಮ್ಮ ಬೀದಿಯ ಕೊನೆಯ ಮನೆಯ ತರುಣ ದಂಪತಿಗಳು ಹೋದ ದಸರಾ ರಜೆಯಲ್ಲಿ ಮೇಲೆ ಹೇಳಿದ ದಾರಿಗೇ ಸಿದ್ಧರಾದರು. ಹಿಂದಿನ ಭಾನುವಾರ ನಾವು ಆ ಕಡೆ ಹೋದಾಗ ಜಗಲಿಯ ಮೇಲೆ ಸಾಮಾನಿನ ರಾಶಿ. “ಎರಡೇ ಬ್ಯಾಗು, ಮೇಷ್ಟ್ರೇ, ಜಾಸ್ತಿ ಏನಿಲ್ಲ” ಎಂದು ಹುಡುಗ ಹೇಳಿದ. ಹಾಗಾದರೆ ತೂಗಿ ನೋಡೋಣವಪ್ಪಾ ಎಂದು ಅವರ ಮನೆಯಲ್ಲಿಯೇ ಇದ್ದ, ನಿಂತು ತೂಕ ನೋಡಿಕೊಳ್ಳುವ ಯಂತ್ರವನ್ನು ತರಿಸಿದೆವು. ಕೈಪಿಡಿಯಲ್ಲಿದ್ದ ಮಿತಿ ೧೫೦ ಕೆ.ಜಿ. ಹುಡುಗ ೭೨, ಹುಡುಗಿ ೫೭. ಅಲ್ಲಿಗೆ ೧೨೯ ಆಯಿತು. ಇಬ್ಬರ ಹೆಲ್ಮೆಟ್ಟು, ಜಾಕೆಟ್ಟು, ಬೂಟುಗಳು ೬. ಉಳಿದದ್ದು ೧೫. ಜಗಲಿಯ ರಾಶಿಯಾದರೋ ೩೪ ತೂಗಿತು. ಹುಡುಗನ ಮುಖ ಸಣ್ಣದಾಯಿತು.

ಆಮೇಲೆ ಎರಡು ಗಂಟೆಯ ಕಾಲ ನಡೆದದ್ದು ಆಯ್ಕೆ. ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು, ಇದು ದಾರಿಯಲ್ಲಿ ಸಾಧುವೋ ಎಂದು ಕೇಳುವುದು. ಮೂರು ಜೊತೆ ಜೀನ್ಸು ಷರಾಯಿಗಳಿದ್ದುವು. ಅವು ಒಣಗಿದ್ದಾಗಲೇ ಭಾರ, ಒದ್ದೆಯಾದರೆ ಮಲೆನಾಡಿನಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ತೊಟ್ಟದ್ದೊಂದನ್ನು ಬಿಟ್ಟು ಎಲ್ಲವೂ ಒಳಕ್ಕೆ ಹೋದುವು. ದಪ್ಪನೆಯ ತುರ್ಕಿ ಟವಲುಗಳೆರಡು ಹೋಗಿ, ಅವುಗಳ ಜಾಗಕ್ಕೆ ಎರಡು ತೆಳುವಾದ ಪಂಚೆಗಳು ಬಂದುವು. ಪಂಚೆಯ ಮಹಿಮೆಯನ್ನು ಈಗಿನವರು ಮರೆತಿದ್ದಾರೆ. ಅದು ಮೈಯೊರಸುವ ವಸ್ತ್ರ, ಹೊದಿಕೆ, ಹಾಸಿಗೆಯ ಮೇಲಿನ ಮಗ್ಗುಲುವಸ್ತ್ರ, ಬಿಸಿಲಿಗೆ ತಲೆಮರೆ. ಕೈಗೆ ಪೆಟ್ಟಾದರೆ ಕೊರಳಿಂದ ಇಳಿಬಿಡುವ ಜೋಲಿ. ಅರ್ಧ ಗಂಟೆಯಲ್ಲಿ ಗಾಳಿಗೆ ಒಣಗುವಂಥದು. ಇಸ್ತ್ರಿಪೆಟ್ಟಿಗೆ, ಕೂದಲೊಣಗಿಸುವ ಯಂತ್ರ, ಮೂರನೆಯ ಜೊತೆ ಚಪ್ಪಲಿ ಇವುಗಳ ಮೇಲೆ ವಾದ ಬೆಳೆಯಲಿಲ್ಲ. ಹುಡುಗಿ ಎರಡು ಕಾದಂಬರಿಗಳನ್ನಿಟ್ಟುಕೊಂಡಿದ್ದಳು; ಒಂದನ್ನು ಬಿಡಿಸುವುದಕ್ಕೆ ಮಾತ್ರ ನಮ್ಮ ಮನಸ್ಸು ಒಪ್ಪಿತು.

ಕಷ್ಟವಾದದ್ದು ಉಪ್ಪಿನಕಾಯಿಯ ಜಾಡಿ. ಹುಡುಗನ ತಾಯಿ ಅದನ್ನು ಶಿವಮೊಗ್ಗದಲ್ಲಿರುವ ತಂಗಿಗೆಂದು ತುಂಬಿಟ್ಟಿದ್ದರು. ಗಾಜಿನದು, ಎಣ್ಣೆ ಕಂಠದವರೆಗೆ. ಇದು ದಾರಿಯಲ್ಲಿ ಸಾಧುವಲ್ಲ ತಾಯಿ, ಒಡೆದರೆ ಬಟ್ಟೆಯೆಲ್ಲ ಮೆಂತ್ಯದ ವಾಸನೆ ಎಂದು ನಾವು ಪಾಣಿನಿಯ ಕಡೆಯಿಂದ ವಾದಿಸಿದೆವು. “ಅಷ್ಟು ದೂರ ಹೋಗೋವ್ರು ಚಿಕ್ಕಮ್ಮನ ಮನೆಗೆ ಬರಿಗೈಲಿ ಹೋಗೋದುಂಟೇ? ನಿಮ್ಮ ಪಾಣಿನಿಗೆ ತಂಗೀರು ಇರಲಿಲ್ಲ ಅಂತ ಕಾಣುತ್ತೆ, ಮೇಷ್ಟ್ರೇ” ಎಂದು ಆಕೆ ಹೇಳಿದರು. ಇದಕ್ಕೆ ವ್ಯಾಕರಣದಲ್ಲಿ ಉತ್ತರವಿಲ್ಲ. ಕಡೆಗೆ ಒಂದು ಪಾವಿನಷ್ಟು ಉಪ್ಪಿನಕಾಯಿಯನ್ನು ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಎರಡು ಚೀಲಗಳಲ್ಲಿ ಸುತ್ತಿ, ಬಟ್ಟೆಗಳಿರುವ ಪಕ್ಕವನ್ನು ಬಿಟ್ಟು ಉಪಕರಣಗಳಿರುವ ಪಕ್ಕದಲ್ಲಿಡುವುದೆಂದು ಒಪ್ಪಂದವಾಯಿತು. ರಾಶಿ ೧೪ ಕೆ.ಜಿ.ಗೆ ಇಳಿಯಿತು.

ಆದರೆ ಎರಡೇ ಬ್ಯಾಗು ಎಂದದ್ದು ಪೂರ್ತಿ ನಿಜವಾಗಿರಲಿಲ್ಲ. ಮೂರನೆಯದೊಂದು ಬೆನ್ನುಚೀಲವು ಬಾಗಿಲ ಹಿಂದೆ ಇದ್ದಿತು. ಅದು ಯಾರ ಬೆನ್ನಿಗೆ ಎಂದು ಕೇಳಿದೆವು. “ನಾನು ಹಾಕ್ಕೋತೀನಿ, ಮೇಷ್ಟ್ರೇ, ನನಗೇನೂ ಭಾರವಿಲ್ಲ” ಎಂದು ಹುಡುಗಿ ಹೇಳಿದಳು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗಿದೆ. ಏಕೆಂದರೆ ಹೆದ್ದಾರಿಯಲ್ಲಿ ನಿಂತು ನೋಡಿದರೆ ಹತ್ತರಲ್ಲಿ ಅರ್ಧದಷ್ಟು ಜೋಡಿಗಳು ಹೀಗೆಯೇ ಹೋಗುತ್ತಿರುತ್ತವೆ: ಮುಂದೆ ಗಂಡನ ಬೆನ್ನು ಖಾಲಿ, ಹಿಂದೆ ಹೆಂಡತಿಯ ಬೆನ್ನ ಮೇಲೆ ಮೂಟೆ. ಅವಳು ಹೊರಬಲ್ಲಳೆಂಬುದರಲ್ಲಿ ಸಂಶಯವಿಲ್ಲ. ನೆಲದ ಮೇಲೆ ನಡೆಯುವಾಗ ಅದಕ್ಕಿಂತ ಹೆಚ್ಚು ಹೊತ್ತಾಳು. ಬೈಕಿನ ಮೇಲೆ ಮಾತು ಬೇರೆ. ವಾಹನವು ಸಿಗ್ನಲಿನಿಂದ ಒಮ್ಮೆಲೆ ಮುಂದಕ್ಕೆ ನುಗ್ಗಿದಾಗ ಆ ಚೀಲವು ಅವಳನ್ನು ಹಿಂದಕ್ಕೆ ಜಗ್ಗುತ್ತದೆ. ಬ್ರೇಕು ಹಾಕಿದಾಗ ಅವಳ ತೂಕದೊಡನೆ ತಾನೂ ಸೇರಿ ಅವಳನ್ನು ಮುಂದಕ್ಕೆ ನೂಕುತ್ತದೆ. ಗುಂಡಿಯಲ್ಲಿ ಚಕ್ರ ಬಿದ್ದೆದ್ದಾಗ ಚೀಲದ ಪೆಟ್ಟೆಲ್ಲ ಬೆನ್ನೆಲುಬಿಗೆ. ಇದೆಲ್ಲಕ್ಕೂ ಮೇಲಾಗಿ, ಅವಳಿಗೆ ಹಿಡಿದುಕೊಳ್ಳುವುದಕ್ಕೆ ಆಸರೆ ಸ್ವಲ್ಪ, ಮುಂದಿನ ಗುಂಡಿ ಕಾಣುವುದಂತೂ ಇಲ್ಲವೇ ಇಲ್ಲ. ಹ್ಯಾಂಡಲ್ಲು ಹಿಡಿದವನಿಗೆ ರಸ್ತೆ ಕಾಣುತ್ತದೆ, ದೇಹವನ್ನು ಸಿದ್ಧಮಾಡಿಕೊಳ್ಳುತ್ತಾನೆ. ಹಿಂದಿನವಳಿಗೆ ಕಾಣುವುದು ಅವನ ಹೆಲ್ಮೆಟ್ಟು. ಅತ್ಯಂತ ಅಸುರಕ್ಷಿತವಾದ ಸ್ಥಾನದಲ್ಲಿ ಕೂತವರ ಮೇಲೆಯೇ ಭಾರವನ್ನು ಹೇರುವುದು ಯಾವ ನ್ಯಾಯ? ಆರು ದಿನ, ದಿನಕ್ಕೆ ಐದಾರು ಗಂಟೆ. ಊರಿಗೆ ಮರಳಿದ ಮೇಲೆ ಬೆನ್ನುನೋವೆಂದು ಮಲಗಿದವಳನ್ನು ಕುರಿತು ‘ನಾಜೂಕು’ ಎನ್ನುವವರುಂಟು. ಭಾರವಿರತಕ್ಕದ್ದು ವಾಹನದ ಮೇಲೆ. ಕೂತವರ ಮೇಲೆ ಬಟ್ಟೆಯೊಂದನ್ನು ಬಿಟ್ಟು ಏನೂ ಇರಕೂಡದು. ಆ ಬೆನ್ನುಚೀಲವನ್ನು ನಾವು ಅಲ್ಲಿಯೇ ಬರಿದು ಮಾಡಿಸಿದೆವು. ಅದರಲ್ಲಿದ್ದದ್ದು ಬಹುಪಾಲು ಹುಡುಗನ ಕ್ಯಾಮರಾ ಸಾಮಾನು. ಜೋಗವನ್ನು ಮೊಬೈಲಿನಲ್ಲಿ ಹಿಡಿದರೂ ಅದು ೨೫೩ ಮೀಟರಿನಷ್ಟೇ ಧುಮುಕುತ್ತದೆಯೆಂದು ಹೇಳಿ ಒಪ್ಪಿಸಿದೆವು.

ಇನ್ನು ಭಾರವನ್ನು ಎಲ್ಲಿ ಇಡಬೇಕೆಂಬುದು. ಏತವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದಿನ ಚಕ್ರದ ಅಚ್ಚು ಆಧಾರಸ್ಥಾನ. ಅದಕ್ಕಿಂತ ಹಿಂದೆ ಎಷ್ಟು ಭಾರವನ್ನು ತೂಗಿಬಿಟ್ಟರೆ ಮುಂದಿನ ಚಕ್ರ ಅಷ್ಟು ಹಗುರವಾಗುತ್ತದೆ. ಮುಂದಿನ ಚಕ್ರವು ದಾರಿಯನ್ನು ತೋರಿಸುವ ಚಕ್ರ, ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲನ್ನು ವಹಿಸುವ ಚಕ್ರ. ಅದು ಹಗುರವಾದರೆ ಹ್ಯಾಂಡಲ್ಲು ತೇಲಿದಂತಾಗಿ ತುಯ್ದಾಡುವುದು. ಆದಕಾರಣ ಭಾರವಾದ ಉಪಕರಣ, ನೀರು, ಬೀಗ ಮೊದಲಾದುವು ಪಕ್ಕದ ಹಸುಬೆಗಳ ತಳದಲ್ಲಿ, ಆದಷ್ಟು ಮುಂದಕ್ಕೆ. ಹಿಂದಿನ ಕ್ಯಾರಿಯರಿನ ಮೇಲೆ ಬಟ್ಟೆ, ಮಳೆಯಂಗಿ ಮುಂತಾದ ಹಗುರವಸ್ತುಗಳು. ನಮ್ಮವರು ಮಾಡುವುದು ಇದಕ್ಕೆ ವಿರುದ್ಧ. ಪೆಟ್ಟಿಗೆಯಾಕಾರದ ಡಬ್ಬವೊಂದನ್ನು ಬಾಲದ ತುದಿಗೆ ಕೂಡಿಸಿ, ಬೀಗ ಹಾಕಲು ಬರುತ್ತದೆಂಬ ಕಾರಣದಿಂದ ಕಲ್ಲಿನಂಥ ಸಾಮಾನನ್ನೆಲ್ಲ ಅದರಲ್ಲಿ ತುಂಬುತ್ತಾರೆ.

ಟ್ಯಾಂಕಿನ ಮೇಲೆ ಕೂರಿಸುವ ಚಿಕ್ಕ ಚೀಲವೊಂದಿದೆ. ಅದು ಕಣ್ಣೆದುರಿಗೇ ಇರುವುದರಿಂದ ಉಪಯುಕ್ತ. ಅದರ ತಳದಲ್ಲಿ ಅಯಸ್ಕಾಂತಗಳಿರುತ್ತವೆ. ಟ್ಯಾಂಕು ಕಬ್ಬಿಣದ ತಗಡಿನದಾದರೆ ಹಿಡಿಯುವುದು, ಪ್ಲಾಸ್ಟಿಕ್ಕಿನದೋ ಅಲ್ಯುಮಿನಿಯಮಿನದೋ ಆದರೆ ಹಿಡಿಯದು. ಬ್ಯಾಂಕಿನ ಕಾರ್ಡುಗಳನ್ನು ಆ ಅಯಸ್ಕಾಂತದ ಪಕ್ಕದಲ್ಲಿಡಬಾರದು. ಅವುಗಳ ಕಪ್ಪು ಪಟ್ಟಿಯಲ್ಲಿರುವ ಬರೆಹ ಅಳಿಸಿಹೋದೀತು. ಹ್ಯಾಂಡಲ್ಲನ್ನು ಎರಡು ಕಡೆಗೂ ಪೂರ್ತಿಯಾಗಿ ತಿರುಗಿಸಿದಾಗ ಚೀಲವು ಅಡ್ಡ ಬಾರದೆಂಬುದನ್ನು ಮನೆಯಲ್ಲಿಯೇ ನೋಡಿಕೊಳ್ಳಬೇಕು.

ಇದುವರೆಗೆ ಹೇಳಿದ್ದು ಅನುಕೂಲದ ಮಾತಾದರೆ ಇನ್ನು ಹೇಳುವುದು ಪ್ರಾಣದ ಮಾತು. ಹಿಂದಿನ ಚಕ್ರದ ಪಕ್ಕದಲ್ಲಿ, ಕಂಬಿಗಳಿಂದ ಮಾಡಿದ ಜಾಲರಿಯಂಥ ತಡೆಯೊಂದಿರುತ್ತದೆ. ಜನ ಅದನ್ನು ಸೀರೆ ಗಾರ್ಡು ಎನ್ನುತ್ತಾರೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ ೧೨೩ನೆಯ ನಿಯಮವು, ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಚಕ್ರದ ಅರ್ಧಕ್ಕೆ ಕಡಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಣೆಯನ್ನೂ, ಕೈಹಿಡಿಯನ್ನೂ, ಕಾಲಿಡುವ ಮೆಟ್ಟನ್ನೂ ಒದಗಿಸಬೇಕೆಂದು ತಯಾರಕರಿಗೆ ವಿಧಿಸಿದೆ. ಕೊಂಡವನು ಮಾಡುವ ಮೊದಲನೆಯ ಕೆಲಸವೆಂದರೆ ಅದನ್ನು ಬಿಚ್ಚಿಸಿ ಹಾಕುವುದು! ಬೈಕಿನ ಅಂದ ಕೆಡುತ್ತದಂತೆ. ಚೀಲಗಳನ್ನು ತೂಗುಹಾಕುವಾಗ ಅಡ್ಡವೆಂದು ಬಿಚ್ಚುವವರೂ ಉಂಟು. ವಾಸ್ತವವಾಗಿ ಹಸುಬೆಯಂಥ ಮೆತುಚೀಲಕ್ಕೆ ಈ ತಡೆಯೇ ಬೆಂಬಲ. ಅದಿಲ್ಲದಿದ್ದರೆ ಚೀಲವು ಕುಲುಕಾಟದಿಂದ ಒಳಕ್ಕೆ ಬಾಗಿ ತಿರುಗುವ ಕಂಬಿಗಳನ್ನು ಮುಟ್ಟುತ್ತದೆ. ಒಂದು ನಿಮಿಷಕ್ಕೆ ನೂರಾರು ಸುತ್ತು ತಿರುಗುವ ಚಕ್ರಕ್ಕೆ ಸೆರಗಿನ ತುದಿ, ದುಪಟ್ಟಾ, ಚೀಲದ ಪಟ್ಟಿ, ಮಳೆಯಂಗಿಯ ಅಂಚು ಇವುಗಳಲ್ಲಿ ಭೇದವಿಲ್ಲ, ಸಿಕ್ಕಿದ್ದನ್ನು ಸುತ್ತಿಕೊಳ್ಳುವುದು. ಸೆರಗಾದರೆ ಕೂತವರನ್ನು ಎಳೆದು ಕೆಡಹುವುದು. ಪಟ್ಟಿಯಾದರೆ ಚಕ್ರವೇ ಬಿಗಿದು ನಿಂತು ಇಬ್ಬರನ್ನೂ ಕೆಡಹುವುದು. ಮಗಳನ್ನೋ ಸೊಸೆಯನ್ನೋ ಕಳುಹಿಸತಕ್ಕ ಹಿರಿಯರು, ಬುತ್ತಿಯಲ್ಲಿ ಚಟ್ನಿಪುಡಿಯಿದೆಯೇ ಎಂದು ನೋಡುವುದಕ್ಕೆ ಮೊದಲು ಬಗ್ಗಿ ಆ ಜಾಲರಿಯಿದೆಯೇ ಎಂದು ನೋಡಲಿ. ಇಲ್ಲದಿದ್ದರೆ ಅದನ್ನು ಹಾಕಿಸಿಕೊಂಡು ಬರುವವರೆಗೆ ಪ್ರಯಾಣವನ್ನು ತಡೆಯುವ ಹಕ್ಕು ಅವರಿಗೆ ಇದೆಯೆಂದೇ ನಮ್ಮ ಅಭಿಪ್ರಾಯ. ದೂರಪ್ರಯಾಣದಲ್ಲಿ ಸೀರೆಗಿಂತ ಚೂಡಿದಾರವೋ ಷರಾಯಿಯೋ ಮೇಲು. ಎರಡು ಪಕ್ಕಕ್ಕೂ ಕಾಲಿಳಿಬಿಟ್ಟು ಕೂರಬಹುದು. ಸೀರೆಯನ್ನೇ ಉಡುವವರು ಸೆರಗನ್ನು ಮುಂದಕ್ಕೆ ತಂದು ಸೊಂಟಕ್ಕೆ ಬಿಗಿದು ಸಿಕ್ಕಿಸಿ, ಅದರ ಮೇಲೆ ಜಾಕೆಟ್ಟು ಧರಿಸಲಿ.

ಕಟ್ಟುವ ಹಗ್ಗದ ವಿಷಯದಲ್ಲಿಯೂ ಇದೇ ಎಚ್ಚರಿಕೆ. ಎರಡು ತುದಿಯಲ್ಲಿ ಕೊಕ್ಕೆಯುಳ್ಳ ರಬ್ಬರು ಹಗ್ಗವನ್ನು ಎಲ್ಲರೂ ಬಳಸುತ್ತಾರೆ. ಅದರಲ್ಲಿ ಎರಡು ದೋಷ: ಹೇರು ಕುಪ್ಪಳಿಸಿದಂತೆಲ್ಲ ಅದೂ ಹಿಗ್ಗುತ್ತದೆ, ಎಳೆದು ಸಿಕ್ಕಿಸುವಾಗ ಕೈತಪ್ಪಿದರೆ ಕೊಕ್ಕೆಯು ನೇರವಾಗಿ ಕಣ್ಣಿಗೆ ಹಾರುತ್ತದೆ. ಬಕ್ಕಲಿನಿಂದ ಬಿಗಿಯುವ, ಹಿಗ್ಗದ ನೈಲಾನು ಪಟ್ಟಿಗಳೇ ಉತ್ತಮ. ರಬ್ಬರು ಬಲೆಯನ್ನು ಮೇಲಿನಿಂದ ಹೆಚ್ಚಿನ ಭದ್ರತೆಗೆಂದು ಹೊದಿಸಿದರೆ ಹೊದಿಸಬಹುದು, ಅದನ್ನೇ ನಂಬಬಾರದು. ಬಿಗಿದ ಮೇಲೆ ಉಳಿದ ಪಟ್ಟಿಯ ತುದಿಗಳನ್ನು ಸುತ್ತಿ ಒಳಗೆ ಸಿಕ್ಕಿಸಬೇಕು. ಗಾಳಿಗೆ ಪಟಪಟನೆ ಹಾರುವ ತುದಿಯು ಕೆಳಗಿನ ಚೈನಿಗೆ ದಾರಿ ಹುಡುಕುತ್ತಿರುತ್ತದೆ. ಹೊಗೆಕೊಳವೆ ಯಾವ ಪಕ್ಕದಲ್ಲಿದೆಯೋ ಆ ಪಕ್ಕದ ಚೀಲವನ್ನು ಎತ್ತರಿಸಿ ಕಟ್ಟಬೇಕು. ಈಗಿನ ಚೀಲಗಳು ನೈಲಾನು, ಪಾಲಿಯೆಸ್ಟರುಗಳವು; ಸೈಲೆನ್ಸರಿಗೆ ತಗುಲಿದರೆ ಕರಗಿ ಅಂಟಿಕೊಳ್ಳುತ್ತವೆ. ಹಿಂದಿನ ದೀಪ, ತಿರುವುದೀಪ, ನಂಬರು ಇವು ಯಾವುವೂ ಮುಚ್ಚಿಹೋಗಬಾರದು. ಚೀಲಗಳ ಅಗಲವು ಹ್ಯಾಂಡಲ್ಲಿನ ಅಗಲವನ್ನು ಮೀರದಿದ್ದರೆ, ಮುಂಭಾಗ ನುಗ್ಗಿದ ಸಂದಿಯಲ್ಲಿ ಹಿಂಭಾಗವೂ ನುಗ್ಗುವುದೆಂದು ನಂಬಿ ಓಡಿಸಬಹುದು.

ಮಳೆಯ ಮಾತಿಗೆ ಬರೋಣ. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ೮೦೦ ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ೭೦೦೦ಕ್ಕೂ ಹೆಚ್ಚು. ಮೈಸೂರಿನ ಛತ್ರಿಯ ಬುದ್ಧಿಯಿಂದ ಅಲ್ಲಿಗೆ ಹೋಗಕೂಡದು. ಚೀಲದ ಜೊತೆಗೆ ಕೊಡುವ ಮೇಲ್ಹೊದಿಕೆಯು ಮೇಲಿನಿಂದ ಬೀಳುವ ಮಳೆಯನ್ನು ತಡೆಯುತ್ತದೆ. ಆದರೆ ಬೈಕಿಗೆ ಮಳೆ ಕೆಳಗಿನಿಂದಲೂ ಬರುತ್ತದೆ. ಚಕ್ರವು ಎರಚುವ ಕೆಸರುನೀರು ಹೊದಿಕೆಯ ಒಳಗೇ ನುಗ್ಗಿ, ಹೊರಹೋಗಲು ದಾರಿಯಿಲ್ಲದೆ ಬಟ್ಟಲಿನಂತೆ ನಿಲ್ಲುತ್ತದೆ. ಹೀಗಾಗಿ ಒಳಗಿನ ಪ್ರತಿಯೊಂದು ಕಟ್ಟನ್ನೂ ಬೇರೆ ಬೇರೆಯಾಗಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿಯನ್ನು ಒತ್ತಿ ತೆಗೆದು, ಬಾಯಿಯನ್ನು ಮಡಿಸಿ ಕಟ್ಟುವುದೇ ನಿಶ್ಚಿತವಾದ ಉಪಾಯ. ಇಬ್ಬರಿಗೂ ಒಂದೊಂದು ಜೊತೆ ಒಣಬಟ್ಟೆ, ಒಂದೊಂದು ಜೊತೆ ಕಾಲುಚೀಲ ‘ಮಡಿಬಟ್ಟೆ’ಯಂತೆ ಪ್ರತ್ಯೇಕವಾಗಿರಲಿ. ರಾತ್ರಿ ಛಾವಣಿಯ ಕೆಳಗೆ ಸೇರಿದ ಮೇಲಲ್ಲದೆ ಅದನ್ನು ಬಿಚ್ಚಬಾರದು. ಬೆಳಿಗ್ಗೆ ಎಷ್ಟೇ ಅಸಹ್ಯವಾದರೂ ನಿನ್ನೆಯ ಒದ್ದೆಯನ್ನೇ ತೊಟ್ಟು ಹೊರಡಬೇಕು. ಒಣಗಿದ್ದನ್ನು ತೊಟ್ಟು ಹೊರಟವನಿಗೆ ಮಧ್ಯಾಹ್ನದ ವೇಳೆಗೆ ಎರಡು ಜೊತೆಯೂ ಒದ್ದೆ. ಮಳೆಯಂಗಿ ಎಲ್ಲಕ್ಕಿಂತ ಮೇಲಿರತಕ್ಕದ್ದು. ಹನಿ ಬಿದ್ದಾಗ ರಸ್ತೆಯ ಪಕ್ಕದಲ್ಲಿ ಮೂಟೆಯನ್ನೆಲ್ಲ ಬಿಚ್ಚಿ ತಳದಿಂದ ಮಳೆಯಂಗಿಯನ್ನು ತೆಗೆಯುವವರನ್ನು ಕಂಡರೆ ನಮಗೆ ನಗುವೂ ಬರುತ್ತದೆ, ಮರುಕವೂ ಆಗುತ್ತದೆ. ಮೊದಲು ಬೇಕಾದದ್ದು ಕೊನೆಗೆ ಒಳಹೋಗಬೇಕೆಂಬುದನ್ನು ನಮ್ಮ ಅಜ್ಜಿಯರು ಮದುವೆಯ ಪೆಟ್ಟಿಗೆ ಜೋಡಿಸುವಾಗಲೇ ಬಲ್ಲವರಾಗಿದ್ದರು.

ಉಪಕರಣಗಳಲ್ಲಿ ಅತಿಯಾಸೆ ಬೇಡ. ವಾಹನದ ಜೊತೆ ಕೊಟ್ಟ ಸ್ಪಾನರುಗಳು, ಒಂದು ಸ್ಪಾರ್ಕ್ ಪ್ಲಗ್ಗು, ಒಂದೆರಡು ಫ್ಯೂಸು, ಚೈನಿನ ಒಂದು ಲಾಕು, ಕ್ಲಚ್ಚಿನದೊಂದು ಹೆಚ್ಚಿನ ಕೇಬಲ್ಲು. ಈ ಕೇಬಲ್ಲನ್ನು ಚೀಲದಲ್ಲಿಡುವುದಕ್ಕಿಂತ ಹಳೆಯದರ ಪಕ್ಕದಲ್ಲಿಯೇ ಹಾಯಿಸಿ ಕಟ್ಟಿಟ್ಟರೆ, ತುಂಡಾದಾಗ ಎರಡು ತುದಿಗಳನ್ನು ಸಿಕ್ಕಿಸುವುದಷ್ಟೇ ಕೆಲಸ. ಪಂಕ್ಚರಿನ ಸಾಧನವು ನಿಮ್ಮ ಚಕ್ರಕ್ಕೆ ಒಪ್ಪತಕ್ಕದ್ದೋ ಎಂದು ನೋಡಿಕೊಳ್ಳಿ. ಕಂಬಿಯ ಚಕ್ರಗಳಲ್ಲಿ ಸಾಮಾನ್ಯವಾಗಿ ಟ್ಯೂಬು ಇರುತ್ತದೆ. ಅದಕ್ಕೆ ಒಂದು ಟ್ಯೂಬೂ ಟಯರು ಎಬ್ಬಿಸುವ ಕಬ್ಬಿಣಗಳೂ ಬೇಕು. ಟ್ಯೂಬಿಲ್ಲದ ಟಯರಿಗೆ ತೂತಿನಲ್ಲಿ ತುರುಕುವ ರಬ್ಬರು ಬತ್ತಿಗಳೂ ಒಂದು ಚಿಕ್ಕ ಪಂಪೂ ಸಾಕು. ಒಂದರ ಸಾಮಾನನ್ನು ಇನ್ನೊಂದಕ್ಕೆ ಹೊತ್ತೊಯ್ಯುವವರೂ ಇದ್ದಾರೆ.

ಲೈಸೆನ್ಸು, ಆರ್.ಸಿ., ವಿಮೆ, ಹೊಗೆ ಪರೀಕ್ಷೆಯ ಪತ್ರಗಳು ಮೊಬೈಲಿನ ಡಿಜಿಲಾಕರಿನಲ್ಲಿದ್ದರೆ ಕಾನೂನಿಗೆ ಸಮ್ಮತವೇ. ಆದರೂ ಮೊಬೈಲು ಮಳೆಗೆ ಹೆದರುವ ಪ್ರಾಣಿಯಾದುದರಿಂದ ಕಾಗದದ ಪ್ರತಿಯೊಂದು ಪ್ಲಾಸ್ಟಿಕ್ಕಿನೊಳಗಿರಲಿ. ರಕ್ತದ ಗುಂಪನ್ನೂ ಮನೆಯ ಫೋನಿನ ಸಂಖ್ಯೆಯನ್ನೂ ಬರೆದ ಚೀಟಿ ಇಬ್ಬರ ಜೇಬಿನಲ್ಲಿಯೂ ಇರತಕ್ಕದ್ದು, ಚೀಲದಲ್ಲಲ್ಲ. ಬಿದ್ದಾಗ ಮನುಷ್ಯನೊಂದು ಕಡೆ, ಚೀಲವೊಂದು ಕಡೆ. ನಿತ್ಯ ಸೇವಿಸುವ ಔಷಧವನ್ನೂ ಎರಡು ಪಾಲು ಮಾಡಿ ಒಂದನ್ನು ಮೈಮೇಲೆಯೇ ಇಟ್ಟುಕೊಳ್ಳುವುದು ಮೇಲು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಿಸಿಲು ಬೀಳುವ ಟ್ಯಾಂಕಿನ ಚೀಲದಲ್ಲಿಯೂ ಸೈಲೆನ್ಸರಿನ ಮೇಲಿನ ಚೀಲದಲ್ಲಿಯೂ ಇಡಬಾರದು; ಅತಿಯಾದ ಬಿಸಿಗೆ ಅದರ ಸತ್ತ್ವ ಕೆಡುತ್ತದೆ.

ತಿಂಡಿಯ ವಿಷಯ ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾದದ್ದಿಲ್ಲ. ಬಾಳೆಹಣ್ಣು ಹತ್ತು ಮೈಲಿಗೆ ರಸಾಯನವಾಗುತ್ತದೆ. ಹುರಿದ ಅವಲಕ್ಕಿ, ಹುರಿಗಡಲೆ, ಬೆಲ್ಲ ಎಲ್ಲಿಗಾದರೂ ಬರುತ್ತವೆ.

ಚಿಕ್ಕ ಮಕ್ಕಳಿರುವ ದಂಪತಿಗಳು, ‘ಮಗುವನ್ನು ನಡುವೆ ಕ���ರಿಸಿಕೊಂಡು ಹೋಗಬಹುದಲ್ಲವೇ, ಅದೇನು ಭಾರ?’ ಎಂದು ಕೇಳುವುದುಂಟು. ೧೯೮೮ರ ಮೋಟಾರು ವಾಹನ ಕಾಯಿದೆಯ ೧೨೮ನೆಯ ಕಲಮು ಓಡಿಸುವವನ ಹೊರತು ಒಬ್ಬರಿಗಿಂತ ಹೆಚ್ಚು ಜನ ದ್ವಿಚಕ್ರದ ಮೇಲೆ ಕೂಡದೆನ್ನುತ್ತದೆ. ಕಾಯಿದೆಯನ್ನು ಬದಿಗಿಟ್ಟರೂ, ನಿದ್ದೆ ಬಂದ ಮಗುವನ್ನು ಯಾವ ಪಟ್ಟಿಯಿಂದ ಕಟ್ಟುವಿರಿ? ಅವರು ಬಸ್ಸಿನಲ್ಲಿಯೇ ಹೋಗಲಿ. ಆಗುಂಬೆ ಅಲ್ಲಿಯೇ ಇರುತ್ತದೆ.

ಹೇರನ್ನು ಹೊರಡುವ ದಿನ ಬೆಳಿಗ್ಗೆ ಕಟ್ಟುವುದು ಅತ್ಯಂತ ಕೆಟ್ಟ ಅಭ್ಯಾಸ. ಎರಡು ದಿನ ಮುಂಚೆಯೇ ಪೂರ್ತಿಯಾಗಿ ಕಟ್ಟಿ, ಇಬ್ಬರೂ ಕೂತು, ಹತ್ತು ಹದಿನೈದು ಕಿಲೋಮೀಟರು ಓಡಿಸಿ ನೋಡಬೇಕು. ಕೆಟ್ಟ ರಸ್ತೆಯಿರುವ ಕಡೆಗೇ ಹೋಗಬೇಕು. ಭಾರ ತುಂಬಿದ ವಾಹನ ತಡವಾಗಿ ನಿಲ್ಲುತ್ತದೆ, ಬೇರೆ ರೀತಿಯಾಗಿ ವಾಲುತ್ತದೆ. ಅದನ್ನು ಘಟ್ಟದಲ್ಲಿ ಮೊದಲನೆಯ ಬಾರಿಗೆ ಕಲಿಯಬಾರದು. ಹಿಂದಿನ ಟಯರಿನ ಗಾಳಿಯನ್ನು ಕೈಪಿಡಿಯಲ್ಲಿ ಇಬ್ಬರ ಭಾರಕ್ಕೆ ಹೇಳಿದಷ್ಟಕ್ಕೆ ಏರಿಸಬೇಕು. ಹಿಂದಿನ ಶಾಕ್ ಅಬ್ಸಾರ್ಬರಿನಲ್ಲಿ ಗಡಸುತನವನ್ನು ಹೆಚ್ಚಿಸುವ ಮೆಟ್ಟಲುಗಳಿದ್ದರೆ ಒಂದೆರಡು ಮೆಟ್ಟಲು ಮೇಲಕ್ಕೆ ತಿರುಗಿಸಬೇಕು. ಹಿಂಭಾಗ ಕುಗ್ಗಿದಾಗ ಮುಂದಿನ ದೀಪವು ರಸ್ತೆಯನ್ನು ಬಿಟ್ಟು ಎದುರಿನವರ ಕಣ್ಣಿಗೆ ಬೀಳುವುದು; ಅದನ್ನೂ ಸರಿಪಡಿಸಬೇಕು. ಹೊರಟ ದಿನ ಇಪ್ಪತ್ತು ಕಿಲೋಮೀಟರಿಗೆ ಒಮ್ಮೆ ನಿಂತು ಪಟ್ಟಿಗಳನ್ನು ಮತ್ತೆ ಬಿಗಿಯಬೇಕು. ಅಷ್ಟರಲ್ಲಿ ಗಂಟು ಕುಸಿದು ಸಡಿಲವಾಗಿರುತ್ತದೆ. ಪ್ರತಿಸಲ ನಿಂತು ಹೊರಡುವಾಗಲೂ ಹಿಂದೆ ಕೂರುವವರು ಗಂಟುಗಳನ್ನು ಬಾಯಿಬಿಟ್ಟು ಎಣಿಸಿ, ತಮ್ಮ ಬಟ್ಟೆಯ ಅಂಚನ್ನು ನೋಡಿಕೊಂಡು ‘ಸರಿ’ ಎಂದ ಮೇಲೆಯೇ ಕ್ಲಚ್ಚು ಬಿಡತಕ್ಕದ್ದು. ನಮ್ಮ ಬೀದಿಯ ಹುಡುಗಿ ಇದನ್ನು ಚೆನ್ನಾಗಿ ನಡೆಸಿದಳೆಂದೂ, ಹೊನ್ನಾವರದಲ್ಲಿ ಹೀಗೆ ಎಣಿಸುವಾಗಲೇ ಚೀಲದ ಪಟ್ಟಿಯೊಂದು ಉಜ್ಜಿ ಅರ್ಧ ಹರಿದದ್ದು ಕಣ್ಣಿಗೆ ಬಿದ್ದಿತೆಂದೂ ಹುಡುಗ ಬಂದು ಹೇಳಿದ. ಅದನ್ನು ಅಲ್ಲಿಯೇ ಚಪ್ಪಲಿ ಹೊಲಿಯುವವನೊಬ್ಬನು ಹೊಲಿದುಕೊಟ್ಟನಂತೆ.

ಹೋಗುವಾಗ ಚೀಲದಲ್ಲಿ ಕಾಲುಭಾಗ ಬರಿದಾಗಿರಲಿ. ಕರಾವಳಿಯಲ್ಲಿ ಹಲಸಿನ ಹಪ್ಪಳ, ಕೋಕಂ, ಸಾಗರದ ಕಡೆ ಅಪ್ಪೆಮಿಡಿ, ಶೃಂಗೇರಿಯ ಪ್ರಸಾದ ಎಂದು ಮರಳುವಾಗ ಗಂಟು ಬೆಳೆಯದೆ ಇರುವುದಿಲ್ಲ. ಹನಿಗೂಡಿ ಹಳ್ಳವಾದ ಮೇಲೆ ಪ್ರಸಾದವನ್ನು ಬೆನ್ನುಚೀಲಕ್ಕೆ ಹಾಕಿ ಮತ್ತೆ ಅವಳ ಹೆಗಲಿಗೆ ಏರಿಸುವ ಪ್ರಸಂಗ ಬರುತ್ತದೆ. ತೂಕವಾದದ್ದನ್ನೂ ಬಳಸಿದ ಬಟ್ಟೆಯನ್ನೂ ಅಂಚೆಯ ಪಾರ್ಸಲಿನಲ್ಲಿ ಮನೆಗೆ ಕಳುಹಿಸಿಬಿಡುವುದು ಲೇಸು. ಊರಿಗೆ ಬಂದ ಮರುದಿನ ಟಯರಿನ ಗಾಳಿ, ಶಾಕ್ ಅಬ್ಸಾರ್ಬರಿನ ಮೆಟ್ಟಲು, ದೀಪದ ಓರೆ ಮೂರನ್ನೂ ಮೊದಲಿನ ಸ್ಥಿತಿಗೆ ತಂದಿಡಬೇಕು. ಸೀರೆ ಗಾರ್ಡನ್ನು ಮಾತ್ರ ಹಾಗೆಯೇ ಬಿಡುವುದು.